ಯಾರೂ ಕರೆಯದ ಹೆಸರು

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಟೈರಿನಂಗಡಿಯ ಮಹಡಿಯಲ್ಲಿ,
ರಾತ್ರಿ ಹನ್ನೊಂದಕ್ಕೆ ಅದನ್ನು ಮೊದಲ ಸಲ ಓಡಿಸಿದೆವು,
ಕೋಡಿನ ತಪ್ಪು ಹುಡುಕುವ ಆ ಪುಕ್ಕಟೆ ಯಂತ್ರವನ್ನು.
ಲೋಟದ ಚಹಾ ಆರುವಷ್ಟು ಹೊತ್ತು ಸುಮ್ಮನಿತ್ತು.
ಆಮೇಲೆ ಹೇಳಿತು:
ಸಾವಿರದ ನಾನೂರ ಹದಿನೇಳು.

ಆನೆ ಎಲ್ಲಿದೆಯೆಂದು ತೋಟದ ದಾರಿಗಳಿಗೆ
ಮೆಸೇಜು ಕಳಿಸುವ ಪ್ರೋಗ್ರಾಮು ನಮ್ಮದು. ನಮ್ಮದೆಂದರೆ
ಯಾರ ಸ್ವತ್ತೂ ಅಲ್ಲ. ಬೇಲಿಯಿಲ್ಲ, ಗೇಟಿಲ್ಲ,
ಯಾರು ಬೇಕಾದರೂ ಬಂದು ಒಂದು ಸಾಲು ನೆಟ್ಟು ಹೋಗಬಹುದು.
ನೆಟ್ಟಿದ್ದಾರೆ. ಪೋಲೆಂಡಿನವನೊಬ್ಬ,
ಕಾಡಾನೆಯ ಮುಖವನ್ನೇ ಕಾಣದವನು,
ದೂರದ ಲೆಕ್ಕ ಸರಿಮಾಡಿಕೊಟ್ಟ.
ಬೊಳ್ಳಮ್ಮ ಟೀಚರ್ ರಿಟೈರಾದ ವರ್ಷ ಕಲಿತು ಬರೆದ ಭಾಗದಲ್ಲಿ
ಪ್ರತಿ ಸಾಲಿನ ತಲೆಯ ಮೇಲೂ ಒಂದು ಷರಾ,
ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿಗೂ ತಿಳಿಯುವ ಹಾಗೆ.

ನೌಫಲ್‌ಗೆ ಸಿಟ್ಟು.
"ನನ್ನ ಒಂದು ಫೈಲಿಗೇ ಇನ್ನೂರಾ?
ಸ್ಪೇಸು ಎರಡಿದ್ದರೇನು, ನಾಲ್ಕಿದ್ದರೇನು,
ಆನೆ ಎಣಿಸ್ತದಾ?"
ನಾವು ನಕ್ಕೆವು. ಯಂತ್ರ ನಗಲಿಲ್ಲ.
ಟೀಚರಿಗೂ ಕೆಂಪು ಗೆರೆ ಎಳೆಯಿತು.
ಮೂವತ್ತೊಂದು ವರ್ಷ ಕೆಂಪು ಪೆನ್ನು ಹಿಡಿದವರು
ಕನ್ನಡಕ ಏರಿಸಿ, ಬಗ್ಗಿ, ಓದಿದರು:
"ಸರಿಯಾಗೇ ಹೇಳ್ತದೆ ಮಾರಾಯ.
ಮಾರ್ಕ್ಸ್ ಮಾತ್ರ ಕೊಡೋದಿಲ್ಲ."

ಮೂರು ದಿನ ಬರೀ ಅಲ್ಪವಿರಾಮ, ಖಾಲಿ ಜಾಗ, ಉದ್ದವಾದ ಸಾಲು.
ನಾಲ್ಕನೆಯ ದಿನ, ಸಾಲು ಮುನ್ನೂರ ಹನ್ನೆರಡು.
ಉತ್ತರ ಬಾರದಿದ್ದರೆ?
ಅಷ್ಟೇ ಕೇಳಿತ್ತು.

ಬರೆದವನು ನಾನು.
ಕತ್ತಿನ ಪಟ್ಟಿಯಿಂದ ಉತ್ತರ ಬಾರದಿದ್ದರೆ
ಆನೆ ಇಲ್ಲ ಎಂದು ಗುರುತು ಹಾಕಿ
ಮುಂದಿನ ಆನೆಗೆ ಹೋಗುತ್ತಿತ್ತು ನನ್ನ ಸಾಲು,
ಹಾಜರಿ ಕರೆಯುವ ಅವಸರದ ಮೇಷ್ಟರ ಹಾಗೆ.

ಕಳೆದ ಜನವರಿ. ಕಾಫಿ ಕೊಯ್ಲು. ಮಾಲ್ದಾರೆ ರಸ್ತೆ.
ಜೀಪಿನಲ್ಲಿ ಹದಿಮೂರು ಜನ ಕೆಲಸದವರು,
ಒಂದು ಕೈಕೂಸು.
ಡ್ರೈವರ್ ಪಳನಿ ಲೈಟು ಆರಿಸಿ
ತಿರುವು ತಿರುವಿಗೂ ಉಸಿರು ಹಿಡಿದು
ಹಿಮ್ಮುಖವಾಗಿಯೇ ಬಂದ, ಅರ್ಧ ಮೈಲಿ.
"ವಾಸನೆ ಬಂತು ಸಾರ್. ಮೆಸೇಜು ಬರಲಿಲ್ಲ."
ನೆಟ್‌ವರ್ಕ್ ಇರಲಿಲ್ಲ ಅಂದೆವು.
ಇಲ್ಲಿ ಏನು ಕೆಟ್ಟರೂ ನೆಟ್‌ವರ್ಕು, ಅದಲ್ಲದಿದ್ದರೆ ಕರೆಂಟು.
ಪಳನಿ ನಂಬಿದ.
ಯಾರಾದರೂ ನಮ್ಮನ್ನು ಬೈದರೆ ಅವನೇ ಅಡ್ಡ ಬಂದು
ಟವರನ್ನು ಬೈಯುತ್ತಾನೆ, ವರ್ಷದಿಂದ.

ತಿದ್ದಲು ಒಂದೂವರೆ ಸಾಲು ಸಾಕಾಯಿತು.
ಈಗ ಉತ್ತರ ಬಾರದಿದ್ದರೆ ಪ್ರೋಗ್ರಾಮು
ಗೊತ್ತಿಲ್ಲ, ನಿಧಾನ ಬನ್ನಿ ಎನ್ನುತ್ತದೆ.
ಗೊತ್ತಿಲ್ಲ ಎನ್ನುವುದನ್ನು ಅದಕ್ಕೆ ಕಲಿಸಲು
ನನಗೆ ಮೂರು ವರ್ಷ ಹಿಡಿಯಿತು.

ಆಮೇಲೆ ಬಂತು ಮೊಂಡುಬಾಲನ ಸರದಿ.
ಈ ಫಂಕ್ಷನ್ನನ್ನು ಯಾರೂ ಕರೆಯುವುದಿಲ್ಲ. ಅಳಿಸಬಹುದು.
ನಿಜ, ಯಾರೂ ಕರೆಯುವುದಿಲ್ಲ.
ಹಾಡುಹಗಲಲ್ಲೇ ರಸ್ತೆ ದಾಟುತ್ತಿದ್ದವನು ಅವನೊಬ್ಬನೇ ಎಂದು
ಟೀಚರ್ ಅವನಿಗೆಂದೇ ಬೇರೆ ಲೆಕ್ಕ ಕಟ್ಟಿದ್ದರು.
ಚೆನ್ನಯ್ಯನಕೋಟೆಯ ಕಡೆ, ಗದ್ದೆಯಂಚಿನಲ್ಲಿ, ತಂತಿ ತಗುಲಿ
ಮಲಗಿದವನು ಏಳಲಿಲ್ಲ. ಲೆಕ್ಕ ಉಳಿದಿತ್ತು.
ಯಂತ್ರಕ್ಕೆ ಸಾವು ತಿಳಿಯದು,
ಕರೆ ನಿಂತದ್ದು ಮಾತ್ರ ತಿಳಿಯುತ್ತದೆ.

ನಿಯಮವೆಂದರೆ ಉರಿದೇಳುವ ನೌಫಲ್
ಇರಲಿ ಬಿಡಿ ಟೀಚರ್, ಜಾಗ ಏನು ತಿನ್ನುತ್ತದೆ, ಎಂದ.
ಅವನ ದನಿ ಬೇರೆಯಾಗಿತ್ತು.
ಟೀಚರ್ ಕುರ್ಚಿ ಎಳೆದುಕೊಂಡು ಕೂತರು.
ನಲವತ್ತು ಸಾಲು. ಷರಾ ಸಮೇತ.
ಬೆರಳು ಎಲ್ಲೂ ತಡೆಯಲಿಲ್ಲ.
ಅಳಿಸಿದ ಕಾರಣ ಬರೆಯುವ ಕಿಂಡಿಯಲ್ಲಿ
ಒಂದೊಂದೇ ಅಕ್ಷರ ಒತ್ತಿದರು:
ಮೊಂಡುಬಾಲ ಇನ್ನಿಲ್ಲ. ಲೆಕ್ಕ ಸರಿ ಇತ್ತು.

ಇನ್ನು ಒಂಬೈನೂರ ಆರು ಬಾಕಿ.
ದಿನಕ್ಕೆ ಹತ್ತು ತಿದ್ದಿದರೆ ಮಳೆಗಾಲದ ಹೊತ್ತಿಗೆ ಮುಗಿದೀತು.
ಕೆಳಗೆ ಪಳನಿ ಪಂಕ್ಚರ್ ಹಾಕಿಸುತ್ತಿದ್ದಾನೆ, ದನಿ ಕೇಳುತ್ತಿದೆ,
ಯಾರಿಗೋ ಮತ್ತೆ ಟವರಿನ ಕತೆ.
ಅವನಿಗೆ ನಾನಿನ್ನೂ ಹೇಳಿಲ್ಲ.
ಅದು ಯಂತ್ರದ ಪಟ್ಟಿಯಲ್ಲಿ ಇಲ್ಲ.